ಗಟ್ಟಿ ಹಿಮಕ್ಕೆ ಸಣ್ಣ ಸೊಂಟ

ಅಗಲವಾದದ್ದೇ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು, ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿಗೆ ಚಿಕ್ಕಮಗಳೂರಿಗೆ ಬಂದಾಗ ಸ್ಪಷ್ಟವಾಯಿತು. ಚಳಿಗಾಲದಲ್ಲಿ ಆಲ್ಪ್ಸ್‌ನ ಇಳಿಜಾರುಗಳಿಗೆ ಹೊರಟಿದ್ದ ಅವನು, ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಹಲಗೆಗಳಾದ ಸ್ಕೀಗಳ ಎರಡು ಜೋಡಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ಪಾದದ ಕೆಳಗಿನ ಅಗಲ, ಅಂದರೆ ಸ್ಕೀಯ ಸೊಂಟ, ಒಂದರಲ್ಲಿ 100 ಮಿ.ಮೀ., ಇನ್ನೊಂದರಲ್ಲಿ 68 ಮಿ.ಮೀ. ಗದ್ದೆಗಿಳಿಯುವ ಟ್ರ್ಯಾಕ್ಟರಿಗೆ ಕೆಸರಿನಲ್ಲಿ ಹೂತುಹೋಗದಂತೆ ಅಗಲವಾದ ಕೇಜ್‌ವೀಲ್ ಕಟ್ಟಿಸಿ ಅಭ್ಯಾಸವಿರುವ ಭಾವನವರು ಎರಡನೆಯ ಯೋಚನೆಯಿಲ್ಲದೆ 100ರ ಪರವಾಗಿ ತೀರ್ಪಿತ್ತರು. ಭಾವನವರ ಭೌತಶಾಸ್ತ್ರದಲ್ಲಿ ತಪ್ಪಿಲ್ಲ; ಹುಡುಗ ಹೋಗುತ್ತಿದ್ದುದು ಕೆಸರುಗದ್ದೆಗಲ್ಲ, ಅಷ್ಟೆ.

ಆಗತಾನೆ ಬಿದ್ದ ಹಿಮದಲ್ಲಿ ಬಹುಪಾಲು ಗಾಳಿಯೇ ತುಂಬಿರುವುದರಿಂದ ಅದರ ಮೇಲೆ ತೇಲಲು ಅಗಲ ಬೇಕು. ಹದಗೊಳಿಸಿದ ಇಳಿಜಾರಿನ ಸ್ಥಿತಿಯೇ ಬೇರೆ. ರಾತ್ರಿ ಯಂತ್ರಗಳು ಹಿಮವನ್ನು ಕಡೆದು, ಹರಳುಗಳನ್ನು ಒಡೆದು, ಒತ್ತಿ ಸಮಮಾಡುತ್ತವೆ. ಬೆಳಗಾಗುವುದರೊಳಗೆ ಕಣಕ್ಕೆ ಕಣ ತಾಗಿದ ಕಡೆಯಲ್ಲೆಲ್ಲ ಮಂಜುಗಡ್ಡೆಯ ಕಿರಿದಾದ ಬೆಸುಗೆ ಬೆಳೆದು, ಕಾರಣ ಬೇರೆಯಾದರೂ ಡಬ್ಬಿಯಲ್ಲಿ ಬಿಟ್ಟ ಬೆಲ್ಲದ ಪುಡಿಯಂತೆ, ಇಡೀ ಹಾಸು ಗಟ್ಟಿಯಾಗುತ್ತದೆ. ಇಂತಹ ನೆಲದಲ್ಲಿ ತಿರುವು ತೆಗೆದುಕೊಳ್ಳಲು ಸ್ಕೀಯನ್ನು ಓರೆ ಮಾಡಿದೊಡನೆ ನೆಲವನ್ನು ಹಿಡಿಯುವುದು ಉಕ್ಕಿನ ಅಂಚು ಮಾತ್ರ. ಉಳಿದ ಅಗಲವೆಲ್ಲ ಗಾಳಿಯಲ್ಲಿರುತ್ತದೆ.

ಗಾಳಿಯಲ್ಲಿರುವ ಆ ಅಗಲ ನಿರುಪಯುಕ್ತವಷ್ಟೇ ಅಲ್ಲ, ಉಪದ್ರವವೂ ಹೌದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದು ಎಷ್ಟು ದೂರವಾದರೂ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ಕೊಡದ ತೂಕ ಬದಲಾಗಿಲ್ಲ, ದೂರ ಬದಲಾಗಿದೆ. ಕಾಫಿ ತೋಟದ ಕಡಿದಾದ ಏರಿನಲ್ಲಿ ಅಡ್ಡಲಾಗಿ ನಡೆಯುವವರು ಪಾದದ ಅಂಚನ್ನು ಮಣ್ಣಿಗೆ ಊರುತ್ತಾರೆ. ಅವರ ಕಾಲಿಗೆ ಒಂದು ಗೇಣಗಲದ ಹಲಗೆ ಕಟ್ಟಿ ಅದರ ಅಂಚಿನ ಮೇಲೆ ನಿಲ್ಲಲು ಹೇಳಿದರೆ ಮೊದಲು ತಿರುಚಿಕೊಳ್ಳುವುದು ಕಣಕಾಲು. ಸ್ಕೀಯಲ್ಲಿಯೂ ಹಿಮದ ಪ್ರತಿಬಲ ಅಂಚಿನ ಮೇಲೆ ಬೀಳುತ್ತದೆ, ಕಾಲು ಇರುವುದು ನಡುವೆ. 68 ಮಿ.ಮೀ. ಸೊಂಟದಲ್ಲಿ ಈ ಎರಡರ ಅಂತರ 34 ಮಿ.ಮೀ.; 100ರಲ್ಲಿ 50 ಮಿ.ಮೀ. ತೂಕ 70 ಕೆ.ಜಿ. ಇದ್ದವನ ಹೊರಗಾಲು ವೇಗದ ತಿರುವಿನಲ್ಲಿ 140 ಕೆ.ಜಿ.ಯಷ್ಟು ಭಾರ ಹೊರುತ್ತದೆ ಎಂದಿಟ್ಟುಕೊಂಡರೆ, ಸ್ಕೀಯನ್ನು ಮತ್ತೆ ಚಪ್ಪಟೆ ಮಾಡಲು ಹವಣಿಸುವ ತಿರುಚು ಮೊದಲನೆಯದರಲ್ಲಿ ಸುಮಾರು 47 ನ್ಯೂಟನ್-ಮೀಟರ್, ಎರಡನೆಯದರಲ್ಲಿ ಹತ್ತಿರಹತ್ತಿರ 70. ಹದಿನಾರೇ ಮಿಲಿಮೀಟರು, ಒಂದು ಬೆರಳಿನ ದಪ್ಪ. ಆದರೆ ಸಂಜೆಯ ಹೊತ್ತಿಗೆ ಮಂಡಿ ಅದರ ಲೆಕ್ಕ ಒಪ್ಪಿಸುತ್ತದೆ. ಬಲದಿಂದ ಎಡಕ್ಕೆ ಅಂಚು ಬದಲಿಸುವಾಗಲೂ ಅಗಲ ಸ್ಕೀಯದು ಹೆಚ್ಚು ದೂರದ ಹೊರಳು.

ಇನ್ನು ಸೊಂಟಕ್ಕೂ ತುದಿಗಳಿಗೂ ಇರುವ ವ್ಯತ್ಯಾಸ. ಹಳೆಯ ಮದುವೆಯ ಕರೆಯೋಲೆಯೊಂದರಿಂದ ಎರಡು ತುದಿ ಅಗಲ, ನಡು ಕಿರಿದಾದ ಪಟ್ಟಿಯನ್ನು ಕತ್ತರಿಸಿ, ಮೇಜಿನ ಮೇಲೆ ಓರೆಯಾಗಿ ಹಿಡಿದು, ನಡು ಮೇಜಿಗೆ ತಾಗುವವರೆಗೆ ಒತ್ತಿ ನೋಡಿ: ಅಂಚು ತಾನಾಗಿಯೇ ಕಮಾನಾಗುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ಕಮಾನು ಬಿಗಿಯಾಗುತ್ತದೆ. ಮುಂತುದಿ 120, ಸೊಂಟ 68, ಹಿಂತುದಿ 105 ಮಿ.ಮೀ. ಇರುವ, ಒಂದೂವರೆ ಮೀಟರಿಗೆ ತುಸು ಕಡಿಮೆ ಉದ್ದಕ್ಕೆ ಹಿಮವನ್ನು ತಾಗುವ ಸ್ಕೀಯ ಪಕ್ಕದ ವಕ್ರದ ತ್ರಿಜ್ಯ ಸುಮಾರು 12 ಮೀಟರ್. ಅದನ್ನು 60 ಡಿಗ್ರಿ ಓರೆ ಮಾಡಿದರೆ ಗಟ್ಟಿ ಹಿಮದಲ್ಲಿ ತಿರುವಿನ ತ್ರಿಜ್ಯ ಅದರ ಅರ್ಧಕ್ಕೆ, ಆರು ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸವಾರ ಸ್ಕೀಯನ್ನು ತಿರುಗಿಸುವುದಿಲ್ಲ, ಓರೆ ಮಾಡುತ್ತಾನೆ. ತಿರುಗುವ ಕೆಲಸ ಸ್ಕೀಯದು. ನಾನು ಇದಕ್ಕಾಗಿ ಮೂರು ಕರೆಯೋಲೆಗಳನ್ನು ಹಾಳುಮಾಡಿದೆ. ಭಾವನವರು ಎರಡನೆಯದಕ್ಕೇ ಒಪ್ಪಿದ್ದರು.

ನಾರ್ವೆಯ ಟೆಲಿಮಾರ್ಕ್ ಪ್ರಾಂತದ ಸೋಂದ್ರೆ ನೂರ್‌ಹೈಮ್ 19ನೆಯ ಶತಮಾನದಲ್ಲಿಯೇ ಮರದ ಸ್ಕೀಗಳಿಗೆ ಇಂತಹ ಸೊಂಟ ಕೆತ್ತಿದ್ದನು. ಸಾಲ್ಜ್‌ಬರ್ಗಿನ ರುಡಾಲ್ಫ್ ಲೆಟ್ನರ್ 1920ರ ದಶಕದಲ್ಲಿ ಅಂಚಿಗೆ ಉಕ್ಕಿನ ಪಟ್ಟಿ ಕೂರಿಸಿದನು. ವಿಚಿತ್ರವೆಂದರೆ, ಇವೆರಡೂ ಕೈಯಲ್ಲಿದ್ದರೂ ಸ್ಲೊವೇನಿಯಾದ ಎಲಾನ್ ಕಂಪನಿ 1990ರ ದಶಕದಲ್ಲಿ ಆಳವಾದ ಸೊಂಟದ ಸ್ಕೀಯನ್ನು ಮಾರುಕಟ್ಟೆಗೆ ತರುವವರೆಗೆ ಜಗತ್ತು ಬಹುಮಟ್ಟಿಗೆ ನೇರವಾದ, ಉದ್ದನೆಯ ಸ್ಕೀಗಳಲ್ಲಿಯೇ ಜಾರಿತು. ಉದ್ದವಿದ್ದರೆ ಭದ್ರ ಎಂಬುದು ಆಗಿನ ನಂಬಿಕೆ.

ಹುಡುಗ ಕೊನೆಗೆ 68ರ ಜೋಡಿಯನ್ನೇ ಕೊಂಡನು. ಮೊಂಡಾದ ಅಂಚಿಗೆ ಸೊಂಟ ಎಷ್ಟು ಸಣ್ಣದಿದ್ದರೂ ಪ್ರಯೋಜನವಿಲ್ಲವೆಂದು ಎಚ್ಚರಿಸಿ, ಪರೀಕ್ಷೆಯನ್ನೂ ಹೇಳಿಕೊಟ್ಟೆ: ಉಗುರನ್ನು ಅಂಚಿಗೆ ಅಡ್ಡಲಾಗಿ ಎಳೆದಾಗ ಉಗುರಿನ ಸಣ್ಣ ಪುಡಿ ಉದುರಬೇಕು. ಅದನ್ನು ಕೇಳಿದ ಭಾವನವರು, ಕತ್ತಿ ಮಸೆದ ಮೇಲೆ ತೋಟದಲ್ಲಿ ತಾವು ನೋಡುವುದೂ ಹೀಗೆಯೇ ಎಂದು ಹೆಬ್ಬೆರಳಿನ ಉಗುರನ್ನು ತೋರಿಸಿದರು.