ರಕ್ತದೊಳಗೆ ಗೋಲಿ ಸೋಡಾ

ಕಣ್ಣಿಲ್ಲದ ಬಿಳಿಚು ಮೀನು ಅಂದರೆ ಎಲ್ಲರೂ ಗುಹೆ ಅಂದುಕೊಳ್ಳುತ್ತಾರೆ. ಲ್ಯಾಂಪ್ರೊಲೋಗಸ್ ಲೆಥಾಪ್ಸ್ ಗುಹೆಯದ್ದಲ್ಲ. ಆಫ್ರಿಕಾದ ಕಾಂಗೋ ನದಿಯದ್ದು. ಕಿನ್ಶಾಸಾ ನಗರ ದಾಟಿದ ಮೇಲೆ ಆ ನದಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಭೋರ್ಗರೆಯುತ್ತಾ ಇಳಿಯುತ್ತದೆ. ಅಲ್ಲಿನ ಬೆಸ್ತರು ಈ ಪುಟ್ಟ ಮೀನನ್ನು ‘ಮೊಂಡೆಲಿ ಬ್ಯೂರೋ’ ಅನ್ನುತ್ತಾರೆ. ಅಂದರೆ ಆಫೀಸಿನಲ್ಲಿ ಕೂತ ಬಿಳಿಯ! ಬಿಸಿಲೇ ಕಾಣದೆ ಕೂತವನ ಬಣ್ಣ, ಅಲ್ವಾ?

1976ರಲ್ಲೇ ಇದಕ್ಕೆ ವಿಜ್ಞಾನದ ಹೆಸರು ಸಿಕ್ಕಿತು. ಆದರೆ ಬೆಸ್ತರ ಕೈಗೆ ಬರುತ್ತಿದ್ದವು ಸತ್ತ, ಇಲ್ಲವೇ ಸಾಯುತ್ತಿದ್ದ ಮೀನುಗಳು. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಮ್ಯೂಸಿಯಂನ ಮೀನುತಜ್ಞೆ ಮೆಲನಿ ಸ್ಟಿಯಾಸ್ನಿ ಕೈಗೂ ಸಾಯುತ್ತಿದ್ದ ಒಂದು ಸಿಕ್ಕಿತು. ಚರ್ಮದಡಿಯಲ್ಲಿ, ಕಿವಿರುಗಳ ಮೇಲೆ ಬರೀ ಗುಳ್ಳೆ.

ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿಗೆ ಕಚ್ಚಿಕೊಂಡಿರುವಾಗ ಸೋಡಾ ಸುಮ್ಮನಿರುತ್ತದೆ. ಒತ್ತಿದರೆ ಚುಯ್! ಅನಿಲ ಆಗ ಹುಟ್ಟಿದ್ದಲ್ಲ, ಒತ್ತಡದ ಹಿಡಿತ ತಪ್ಪಿದ್ದು ಅಷ್ಟೇ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಜಾಸ್ತಿಯಾಗುತ್ತದೆ. ಅಂದರೆ 100 ಮೀಟರ್ ಆಳದ ಮೀನು, ದಡದಲ್ಲಿ ನಿಂತ ನಮಗಿಂತ 11 ಪಟ್ಟು ಒತ್ತಡದಲ್ಲಿ ಬಿಗಿದಿಟ್ಟ ಬಾಟಲಿ. ಏಕಾಏಕಿ ಮೇಲೆ ಬಂದರೆ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗಿ, ರಕ್ತವೇ ನೊರೆಯುತ್ತದೆ. ನಿಧಾನಕ್ಕೆ ಬಂದರೆ ಪರವಾಗಿಲ್ಲ. ಕಿಕ್ಕಿರಿದ ಬಸ್ಸಿನಿಂದ ಜನ ಸ್ಟಾಪಿಗೊಬ್ಬರಂತೆ ಇಳಿದ ಹಾಗೆ. ಎಲ್ಲರೂ ಒಂದೇ ಸಲ ಬಾಗಿಲಿಗೆ ನುಗ್ಗಿದರೆ?

ಮನುಷ್ಯರೂ ಈ ಪಾಠವನ್ನು ನೋವುಂಡೇ ಕಲಿತರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಗೆ ನದಿಯಡಿ ಅಡಿಪಾಯ ತೋಡುವಾಗ, ಒತ್ತಿ ತುಂಬಿದ ಗಾಳಿಯ ಪೆಟ್ಟಿಗೆಯೊಳಗೆ ದುಡಿದವರು ಮೇಲೆ ಬಂದು ನೋವಿನಿಂದ ಮಡಚಿಕೊಂಡರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಹಾಸಿಗೆ ಹಿಡಿದರು. ಹೆಂಡತಿ ಎಮಿಲಿ ಗಂಡನ ಮಾತನ್ನು ಕೆಲಸದ ಜಾಗಕ್ಕೆ ಮುಟ್ಟಿಸುತ್ತಾ ಸೇತುವೆ ಮುಗಿಸಿದರು. ಎಮಿಲಿ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು.

ಮೀನಿಗೂ ಅದೇ ಕಾಯಿಲೆ ಇದ್ದರೆ, ಅದು ಆಳದಿಂದ ಬಂದಿರಬೇಕು. ಅಷ್ಟು ಆಳದ ನದಿ ಇದೆಯೇ? ಅಳೆದು ನೋಡಿದರೆ ಕಾಂಗೋ ಕೆಲವು ಕಡೆ 200 ಮೀಟರ್ ದಾಟುತ್ತದೆ! ತಳದ ಕತ್ತಲಲ್ಲಿ ಬದುಕುವ ಮೀನನ್ನು ಮೇಲೇಳುವ ಸೆಳೆತ ಎತ್ತಿ ಬಿಸಾಡುತ್ತದೆ ಅನ್ನುವುದು ಸ್ಟಿಯಾಸ್ನಿ ತರ್ಕ.

‘ಬಳಸದ ಕಣ್ಣು ಸವೆದು ಹೋಯಿತು’ ಅನ್ನುವ ಮಾತು ಕೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಕಣ್ಣೇನು ಚಪ್ಪಲಿಯ ಹಿಮ್ಮಡಿಯೇ? ಬೆಳಕಿದ್ದ ಕಡೆ ಕಣ್ಣು ಕೆಟ್ಟು ಹುಟ್ಟಿದ ಮರಿ ಬೇಗ ಸಾಯುತ್ತದೆ. ಕತ್ತಲಲ್ಲಿ ಅದೂ ಬದುಕಿ ಮರಿ ಮಾಡುತ್ತದೆ. ಕಣ್ಣಿಗೆ ಸುಮ್ನೆ ಖರ್ಚಾಗುವ ಶಕ್ತಿಯೂ ಅದಕ್ಕೆ ಉಳಿಯುತ್ತದೆ.