ರಂಜಕದ ಲೆಕ್ಕ: ವಾಷಿಂಗ್ಟನ್ ಸರೋವರ ತಿಳಿಯಾದ ಬಗೆ

1955ರಲ್ಲಿ ಅಮೆರಿಕದ ಸಿಯಾಟಲ್ ನಗರದ ಪಕ್ಕದ ವಾಷಿಂಗ್ಟನ್ ಸರೋವರದಲ್ಲಿ ಆಸಿಲಟೋರಿಯ ರುಬೆಸೆನ್ಸ್ ಎಂಬ ನೂಲಿನಂಥ ನೀಲಿ-ಹಸಿರು ಪಾಚಿ ಕಾಣಿಸಿತು. ಇದೇ ಪಾಚಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರ ಕೆಡುತ್ತಿದ್ದ ಕಾಲದಲ್ಲೂ ತಲೆಯೆತ್ತಿತ್ತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಡಬ್ಲ್ಯು. ಟಿ. ಎಡ್ಮಂಡ್‌ಸನ್ ಅವರಿಗೆ ಆ ಚರಿತ್ರೆ ಗೊತ್ತಿದ್ದುದರಿಂದ ಮುಂದೇನಾಗಲಿದೆ ಎಂಬುದೂ ಹೊಳೆಯಿತು.

ಸರೋವರಕ್ಕೆ ಬೀಳುತ್ತಿದ್ದದ್ದು ಹಸಿ ಕೊಳಚೆಯಲ್ಲ, ದಡದ ಊರುಗಳ 11 ಘಟಕಗಳಲ್ಲಿ ಶುದ್ಧೀಕರಿಸಿ ಬಿಟ್ಟ ನೀರು. ಇಲ್ಲೇ ಹಲವರ ಲೆಕ್ಕ ತಪ್ಪುತ್ತದೆ. ಸಾಮಾನ್ಯ ಘಟಕದಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯುವ ವಸ್ತುವನ್ನು ತಿಂದು ಮುಗಿಸುತ್ತವೆ, ವಾಸನೆ ಹೋಗುತ್ತದೆ. ಕರಗಿದ ರಂಜಕ ಮಾತ್ರ ಬಹುಪಾಲು ಹಾಗೇ ಹೊರಬೀಳುತ್ತದೆ. ಒಂದು ಗ್ರಾಂ ರಂಜಕ ಸಿಕ್ಕರೆ, ಉಳಿದದ್ದೆಲ್ಲ ಇದ್ದಾಗ, ಒಣ ತೂಕದಲ್ಲೇ ಸುಮಾರು 100 ಗ್ರಾಂ ಪಾಚಿ ಬೆಳೆಯಬಲ್ಲದು. ಇಂಗಾಲ ಗಾಳಿಯಿಂದ ಬರುತ್ತದೆ, ಸಾರಜನಕವನ್ನೂ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಿಂದಲೇ ಹಿಡಿಯುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಹಾಗಾಗಿ ಹಿಡಿತ ಸಿಗುವುದು ಅಲ್ಲೇ.

ಕೊಳಚೆ ನೀರನ್ನು ಸರೋವರದಿಂದ ಪೂರ್ತಿ ತಿರುಗಿಸಬೇಕೆಂದರೆ ಹಲವು ಊರುಗಳು ಒಂದಾಗಿ ಹಣ ಹಾಕಬೇಕಿತ್ತು. 1958ರ ಮಾರ್ಚ್‌ನಲ್ಲಿ ಮತದಾರರು ಆ ಯೋಜನೆಯನ್ನು ತಿರಸ್ಕರಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ, ವ್ಯಾಪ್ತಿ ಬದಲಿಸಿ ಮತ್ತೆ ಮತಕ್ಕಿಟ್ಟಾಗ ಒಪ್ಪಿದರು. 1963ರಿಂದ 1968ರವರೆಗೆ ಹಂತಹಂತವಾಗಿ ನೀರನ್ನು ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯತ್ತ ಹರಿಸಲಾಯಿತು. ಉಬ್ಬರವಿಳಿತ ಬಲವಾಗಿರುವ ಅಂಥ ಕಡಲು ಪಕ್ಕದಲ್ಲಿತ್ತು ಎಂಬುದನ್ನು ಮರೆಯಬಾರದು. ಕಡಲಿಲ್ಲದ ಕಡೆ ಘಟಕದಲ್ಲೇ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ಗಸಿಯಾಗಿ ಇಳಿಸಿ ತೆಗೆಯಬೇಕಾಗುತ್ತದೆ.

ಫಲ ಅಳೆದದ್ದು ಸೆಕ್ಕಿ ತಟ್ಟೆಯಿಂದ. 20 ಸೆಂಟಿಮೀಟರ್ ಅಗಲದ ಕಪ್ಪು-ಬಿಳಿ ತಟ್ಟೆಯನ್ನು ಗುರುತು ಹಾಕಿದ ಹಗ್ಗಕ್ಕೆ ಕಟ್ಟಿ ದೋಣಿಯ ನೆರಳಿನ ಬದಿಯಿಂದ ಇಳಿಸಬೇಕು. ಅದು ಮರೆಯಾಗುವ ಆಳವನ್ನೂ ಮೇಲೆತ್ತುವಾಗ ಮತ್ತೆ ಕಾಣುವ ಆಳವನ್ನೂ ಕೂಡಿಸಿ ಅರ್ಧ ಮಾಡಬೇಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಳೆದರೆ, ಕಪ್ಪು ಕನ್ನಡಕ ತೊಟ್ಟಿದ್ದರೆ ಅಂಕಿ ಕೆಡುತ್ತದೆ. 1963ರ ಬೇಸಿಗೆಯಲ್ಲಿ ತಟ್ಟೆ ಸುಮಾರು ಒಂದು ಮೀಟರಿಗೇ ಮಾಯವಾಗುತ್ತಿತ್ತು. 1970ರ ದಶಕದ ಆರಂಭಕ್ಕೆ ಮೂರು ಮೀಟರ್ ಆಯಿತು.

ಆದರೂ ರಂಜಕ ಬೆರೆತ ಡಿಟರ್ಜೆಂಟ್ ತಯಾರಕರ ಕಡೆಯವರು ತಪ್ಪು ಇಂಗಾಲದ್ದೆಂದು ವಾದಿಸುತ್ತಿದ್ದರು. 1973ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಶಿಂಡ್ಲರ್ ತಂಡ 226ನೇ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಇಂಗಾಲ, ಸಾರಜನಕ ಹಾಕಿತು. ರಂಜಕ ಹಾಕಿದ್ದು ಒಂದೇ ಬದಿಗೆ. ಆ ಬದಿ ಮಾತ್ರ ಹಸಿರುಗಟ್ಟಿತು.

ವಾಷಿಂಗ್ಟನ್ ಸರೋವರ ಇಷ್ಟು ಬೇಗ ಚೇತರಿಸಿದ್ದನ್ನು ಎಲ್ಲ ಕೆರೆಗಳಿಗೂ ಅನ್ವಯಿಸುವುದು ತಪ್ಪು. ಅದು 65 ಮೀಟರ್ ಆಳದ್ದು. ತಳದಲ್ಲಿ ಆಮ್ಲಜನಕ ಪೂರ್ತಿ ಬತ್ತಿರಲಿಲ್ಲ, ಮುಖ್ಯವಾಗಿ ಸೀಡರ್ ನದಿಯ ತಿಳಿನೀರು ಎರಡು ಮೂರು ವರ್ಷಕ್ಕೊಮ್ಮೆ ಸರೋವರದ ನೀರನ್ನು ಬದಲಿಸುತ್ತದೆ. ತಳದಲ್ಲಿ ಆಮ್ಲಜನಕ ಮುಗಿದ ಕಡೆ ಕೆಸರಿನ ಕಬ್ಬಿಣ ಹಿಡಿದಿಟ್ಟ ರಂಜಕ ಬಿಟ್ಟುಹೋಗಿ ಮತ್ತೆ ನೀರಿಗೆ ಸೇರುತ್ತದೆ. ಆಳವಿಲ್ಲದ ಕೆರೆಯಲ್ಲಿ ಗಾಳಿಗೇ ಕೆಸರು ಕಲಕುತ್ತದೆ. ಹೊರಗಿನ ಕೊಳಚೆ ನಿಂತಮೇಲೂ ಅಂಥ ಕೆರೆ ದಶಕಗಟ್ಟಲೆ ಹಸಿರಾಗೇ ಇರಬಹುದು.

ಎಡ್ಮಂಡ್‌ಸನ್ ಅಳತೆ ನಿಲ್ಲಿಸದಿದ್ದುದು ನನ್ನ ಮಟ್ಟಿಗೆ ಅವರ ಕೆಲಸದ ಅತಿ ದೊಡ್ಡ ಭಾಗ. 1976ರಲ್ಲಿ, ರಂಜಕ ಹೆಚ್ಚೇನೂ ಬದಲಾಗದೆ, ನೀರು ಇನ್ನಷ್ಟು ತಿಳಿಯಾಯಿತು. ಪಾಚಿಯನ್ನು ಸೋಸಿ ತಿನ್ನುವ ಪುಟ್ಟ ಜಲಜೀವಿ ಡಾಫ್ನಿಯಾ ಏಕಾಏಕಿ ಹೆಚ್ಚಿತ್ತು. ಅದನ್ನು ತಿನ್ನುತ್ತಿದ್ದ ನಿಯೋಮೈಸಿಸ್ ಎಂಬ ಸೀಗಡಿಯಂಥ ಜೀವಿಯನ್ನು ಸ್ಮೆಲ್ಟ್ ಮೀನುಗಳು 1960ರ ದಶಕದಲ್ಲೇ ಕಡಿಮೆ ಮಾಡಿದ್ದವು. ಆಮೇಲೂ ಡಾಫ್ನಿಯಾದ ಸೋಸುವ ಕಾಲುಗಳಿಗೆ ಆಸಿಲಟೋರಿಯದ ನೂಲು ಸಿಕ್ಕಿಕೊಳ್ಳುತ್ತಿತ್ತು. ಆ ನೂಲು ತೀರಿದ ಮೇಲಷ್ಟೇ ಅದಕ್ಕೆ ದಾರಿಯಾಯಿತು.