ಜಿಡಿಐ ಇಲ್ಲದಿದ್ದರೆ ಸಾಗಣೆ ಜೋರಾಗುತ್ತದೆಯೇ?

"ಸರ್, ಜಿಡಿಐ ಪ್ರತಿಬಂಧಕ ತಾನೇ? ಅದನ್ನು ತೆಗೆದುಬಿಟ್ಟರೆ ಕೋಶದೊಳಗಿನ ಸಾಗಣೆ ಇನ್ನೂ ಜೋರಾಗಿ ನಡೀಬೇಕಲ್ವಾ?"

ಇಲ್ಲ, ನಿಂತೇ ಹೋಗುತ್ತದೆ. ಜಿಡಿಐ ಕೋಶದೊಳಗಿನ ಒಂದು ಪ್ರೋಟೀನು. ಹಾಸನದ ನಮ್ಮ ಬಿಎಸ್ಸಿ ಮಕ್ಕಳು ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತೇನೆ. ಈ ಸಲ ಬರೆದೇ ಇಡುತ್ತೇನೆ.

ರ್ಯಾಬ್‌ಗಳು ನಿಮಗೆ ಗೊತ್ತು, ಪುಟ್ಟ ಪ್ರೋಟೀನುಗಳು. ಮನುಷ್ಯರಲ್ಲಿ 60ಕ್ಕೂ ಹೆಚ್ಚು ಬಗೆ. ಕೋಶದೊಳಗೆ ಸರಕು ಸಾಗಿಸುವ ಯಾವ ಕಿರುಚೀಲ ಯಾವ ಪೊರೆಗೆ ಸೇರಬೇಕೆಂದು ನೋಡಿಕೊಳ್ಳುತ್ತವೆ. ಹೆಚ್ಚಿನವಕ್ಕೆ ಬಾಲದ ತುದಿಯಲ್ಲಿ 20 ಇಂಗಾಲದ ಎರಡು ಜಿಡ್ಡಿನ ಎಳೆಗಳಿದ್ದು, ಅವು ಪೊರೆಯಲ್ಲಿ ಹೂತಿರುತ್ತವೆ. ಜಿಟಿಪಿ ಎಂಬ ಪುಟ್ಟ ಅಣುವನ್ನು ಹಿಡಿದಿದ್ದರೆ ರ್ಯಾಬ್ ಕೆಲಸದಲ್ಲಿದೆ, ಆ ಅಣು ಒಂದು ಫಾಸ್ಫೇಟ್ ಕಳೆದುಕೊಂಡು ಜಿಡಿಪಿ ಆಯಿತೆಂದರೆ ಕೆಲಸ ಮುಗಿದಿದೆ.

ಗೊಂದಲವೆಲ್ಲ ಹೆಸರಿನದು: ಜಿಡಿಪಿ ಡಿಸೋಸಿಯೇಶನ್ ಇನ್ಹಿಬಿಟರ್, ಅಂದರೆ ಜಿಡಿಪಿ ಕಳಚಿಕೆಯ ಪ್ರತಿಬಂಧಕ. 1990ರಲ್ಲಿ ದನದ ಮೆದುಳಿನಿಂದ ಈ ಪ್ರೋಟೀನನ್ನು ಬೇರ್ಪಡಿಸಿದವರು ಕಂಡದ್ದು ಇಷ್ಟು: ಇದು ಜೊತೆಗಿದ್ದರೆ ರ್ಯಾಬ್ ತನ್ನ ಜಿಡಿಪಿಯನ್ನು ಬಿಟ್ಟುಕೊಡುವುದಿಲ್ಲ. ತಡೆದದ್ದು ಜಿಡಿಪಿ ಕಳಚಿಕೊಳ್ಳುವುದನ್ನು, ಸಾಗಣೆಯನ್ನಲ್ಲ. ಗೈಡುಗಳು ಮೊದಲರ್ಧ ಬಿಟ್ಟು ಬರೀ 'ಪ್ರತಿಬಂಧಕ' ಅಂತ ಅಚ್ಚು ಹಾಕುತ್ತವೆ, ಮಕ್ಕಳು ಅದನ್ನೇ ಉರು ಹೊಡೆಯುತ್ತಾರೆ.

ಮೂಡಿಗೆರೆ ಕಡೆ ಮೆಣಸು ಕೊಯ್ಯುವುದನ್ನು ನೋಡಿದ್ದೀರಲ್ಲ? ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಹಗ್ಗ ಬಿಗಿದ ಮೇಲೆಯೇ ಆಳು ಹತ್ತುತ್ತಾನೆ. ಅವನು ಮೇಲಿರುವಾಗ ಏಣಿಗೆ ಯಾರೂ ಕೈ ಹಚ್ಚುವುದಿಲ್ಲ. ಚೀಲ ತುಂಬಿಸಿಕೊಂಡು ಇಳಿದಮೇಲೆ ಹಗ್ಗ ಬಿಚ್ಚಿ ಮುಂದಿನ ಮರಕ್ಕೆ ಹೊರುತ್ತಾರೆ. ಏಣಿ ತೆಗೆದವನು ಕೊಯ್ಲು ನಿಲ್ಲಿಸಿದ ಅಂತ ಯಾವ ಸಾಹುಕಾರರೂ ಬೈಯುವುದಿಲ್ಲ. ತೋಟದಲ್ಲಿರುವುದು ಎರಡೋ ಮೂರೋ ಏಣಿ. ಕೊಯ್ದ ಮರಕ್ಕೇ ಕಟ್ಟಿಟ್ಟರೆ ಮಧ್ಯಾಹ್ನದೊಳಗೆ ಎಲ್ಲರೂ ಕೈಕಟ್ಟಿ ಕೂರಬೇಕು.

ರ್ಯಾಬ್ ಏಣಿ, ಜಿಡಿಐ ಏಣಿ ಹೊರುವ ಆಳು. ಜಿಟಿಪಿ ಹಿಡಿದ ರ್ಯಾಬ್ ತಂಟೆಗೆ ಹೋಗುವುದಿಲ್ಲ. ಜಿಡಿಪಿ ಇರುವುದನ್ನು ಹಿಡಿದು, ಜಿಡ್ಡಿನ ಎಳೆಗಳನ್ನು ಪೊರೆಯಿಂದ ಬಿಡಿಸಿ ತನ್ನ ಮಡಿಲಲ್ಲಿ ಮುಚ್ಚಿಕೊಳ್ಳುತ್ತದೆ. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವುದನ್ನು ದಿನಾ ನೋಡುತ್ತೀರಿ. ಆ ಎಳೆಗಳೂ ಹಾಗೇ, ಮುಚ್ಚದೆ ಕೋಶದ ನೀರಲ್ಲಿ ಒಯ್ಯಲಾಗದು. ಹೊತ್ತು ತಂದು ಮತ್ತೆ ಹೊರಡುವ ಪೊರೆಗೆ ಒಪ್ಪಿಸುತ್ತದೆ. ಅಲ್ಲಿ ಜಿಇಎಫ್ ಎಂಬ ಇನ್ನೊಂದು ಪ್ರೋಟೀನು ಹಳೆಯ ಜಿಡಿಪಿ ಕಳಚಿಸಿ ಜಿಟಿಪಿ ಕೂರಲು ಜಾಗ ಮಾಡುತ್ತದೆ. ಯೀಸ್ಟಿನಲ್ಲಿ ಜಿಡಿಐ ವಂಶವಾಹಿಯನ್ನೇ ತೆಗೆದು ನೋಡಿದ್ದಾರೆ, ಕೋಶ ಬದುಕುವುದಿಲ್ಲ. ಜಿಡಿಐ ಕಡಿಮೆ ಮಾಡಿದಾಗ ರ್ಯಾಬ್‌ಗಳು ಪೊರೆಗಳಲ್ಲೇ ಸಿಕ್ಕಿಕೊಂಡವು, ಸಾಗಣೆ ಹಲವು ಹಂತಗಳಲ್ಲಿ ಕಟ್ಟಿಕೊಂಡಿತು. ಪ್ರತಿಬಂಧಕ ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಇದನ್ನು ಹೇಳುವಾಗ ಸಕಲೇಶಪುರದ ಹುಡುಗಿಯೊಬ್ಬಳು ಎದ್ದು, "ಹಾಗಾದರೆ ಮೊದಲ ಸಲ ಏಣಿಯನ್ನು ತೋಟಕ್ಕೆ ತಂದವರ್ಯಾರು ಸರ್?" ಅಂದಳು. ಎಷ್ಟು ಒಳ್ಳೆಯ ಪ್ರಶ್ನೆ! ಆ ದಿನವೆಲ್ಲ ಖುಷಿಯಾಗಿದ್ದೆ. ಅದು ಆರ್‌ಇಪಿ, ಜಿಡಿಐಯ ದಾಯಾದಿ ಪ್ರೋಟೀನು. ಹೊಸದಾಗಿ ಹುಟ್ಟಿದ ರ್ಯಾಬನ್ನು ಎಳೆ ಅಂಟಿಸುವ ಕಿಣ್ವದ ಬಳಿಗೆ ಕರೆದೊಯ್ದು, ಅಲ್ಲಿಂದ ಪೊರೆಗೆ ಮುಟ್ಟಿಸುತ್ತದೆ. ನಮ್ಮಲ್ಲಿ ಇದು ಎರಡಿದೆ. ಎಕ್ಸ್ ವರ್ಣತಂತುವಿನಲ್ಲಿರುವ ಆರ್‌ಇಪಿ-1 ಕೆಟ್ಟರೆ ದೇಹದ ಉಳಿದೆಡೆ ಆರ್‌ಇಪಿ-2 ಸಂಭಾಳಿಸುತ್ತದೆ, ಕಣ್ಣಿನ ಹಿಂಪರದೆಯಲ್ಲಿ ಮಾತ್ರ ಅದು ಸಾಲದು. ಕೊರಾಯ್ಡೆರೀಮಿಯಾ ಎಂಬ ಈ ರೋಗ ಹೆಚ್ಚಾಗಿ ಗಂಡುಮಕ್ಕಳದು. ಮೊದಲು ಇರುಳುಗುರುಡು, ಆಮೇಲೆ ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತಾ ಬರುತ್ತದೆ.